ವಿಡಿಯೊ ಮಧ್ಯೆ ಒತ್ತುವ ಲಿಂಕ್ ಹಾಕೋದು ಹೇಗೆ? ನಮ್ಮ ಕಳಲೆ ವಿಡಿಯೊದಿಂದ ಒಂದು ತೊಂದರೆ ಆಗಿದೆ

ಕಳಲೆಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಅಮ್ಮನ ಅಡುಗೆಯನ್ನು ಫೋನಿನಲ್ಲಿ ತೆಗೆದು ಯೂಟ್ಯೂಬಿಗೆ ಹಾಕುತ್ತೇನೆ. ದೊಡ್ಡ ಚಾನೆಲ್ ಏನಲ್ಲ. ಪತ್ರೊಡೆ, ಒಂದೆಲಗದ ತಂಬುಳಿ, ಅಪ್ಪೆಮಿಡಿ, ಮಳೆಗಾಲ ಬಂತೆಂದರೆ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ.

ಕಳಲೆಗೆ ಎರಡು ವಿಡಿಯೊ ಮಾಡಿದ್ದೆ. ಮೊದಲನೆಯದರಲ್ಲಿ ಸಿಪ್ಪೆ ಸುಲಿದು, ಹೆಚ್ಚಿ, ಮೂರು ದಿನ ನೀರಿನಲ್ಲಿ ನೆನೆಹಾಕೋದು, ದಿನಾ ನೀರು ಬದಲಿಸೋದು. ಎರಡನೆಯದರಲ್ಲಿ ಪಲ್ಯ. ಪಲ್ಯದ ವಿಡಿಯೊದಲ್ಲಿ ಅಮ್ಮ "ನೆನೆಸಿಟ್ಟ ಕಳಲೆ ತಗೊಳ್ಳಿ" ಎಂದು ಒಂದೇ ಮಾತು ಹೇಳಿ ಒಗ್ಗರಣೆಗೆ ಹೋಗುತ್ತಾರೆ. ನಮ್ಮ ಕಡೆ ಅಷ್ಟೇ ಸಾಕು. ಹೇಳದಿದ್ದರೂ ಗೊತ್ತು.

ಹೋದ ವಾರ ಬೆಂಗಳೂರಿನ ಒಬ್ಬ ಅಕ್ಕ ಕಾಮೆಂಟ್ ಹಾಕಿದರು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಪಲ್ಯದ ವಿಡಿಯೊ ನೋಡಿದ್ದಾರೆ. ಹಸಿ ಕಳಲೆ ತಂದು, ಒಂದು ಗಂಟೆ ನೆನೆಸಿ ಪಲ್ಯ ಮಾಡಿದ್ದಾರೆ. ಬಾಯಿಗಿಟ್ಟರೆ ಕಹಿ. ರಾತ್ರಿ ಮನೆಯಲ್ಲಿ ಇಬ್ಬರಿಗೆ ವಾಂತಿ. ಈಗ ಹುಷಾರಾಗಿದ್ದಾರೆ. ಅವರು ಬೈಯಲಿಲ್ಲ. "ಮೂರು ದಿನ ಅಂತ ಎಲ್ಲೂ ಕಾಣಲಿಲ್ಲ" ಎಂದಷ್ಟೇ ಬರೆದರು. ಅದನ್ನು ಓದಿ ಹೇಳಿದ ಮೇಲೆ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಸಿ ಕಳಲೆಯಲ್ಲಿ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಬೇಯಿಸಿದರೆ ಅದು ಹೋಗುತ್ತದೆ. ಅಮ್ಮನಿಗೆ ಆ ಹೆಸರು ಗೊತ್ತಿಲ್ಲ, ಆದರೆ ಮೂರು ದಿನ ಗೊತ್ತು.

ಈಗ ನನ್ನ ಪ್ರಶ್ನೆ. ಅಮ್ಮ "ನೆನೆಸಿಟ್ಟ ಕಳಲೆ" ಎನ್ನುವ ಹೊತ್ತಿಗೆ ಸರಿಯಾಗಿ ಸ್ಕ್ರೀನ್ ಮೇಲೆ ಒಂದು ಲಿಂಕ್ ಬರಬೇಕು. ಒತ್ತಿದರೆ ಮೊದಲ ವಿಡಿಯೊ ತೆರೆಯಬೇಕು. ಹೇಗೆ ಮಾಡೋದು? ಇದೇ ಪಲ್ಯವನ್ನು 50 ಸೆಕೆಂಡಿನ ಶಾರ್ಟ್ಸ್ ಕೂಡ ಮಾಡಿ, ಅದರ ವಿವರಣೆಯಲ್ಲಿ ಲಿಂಕ್ ಅಂಟಿಸಿದ್ದೆ. ಅದು ಒತ್ತಿದರೆ ಏನೂ ಆಗುವುದಿಲ್ಲ. ಸುಮ್ನೆ ಅಕ್ಷರದ ಹಾಗೆ ಕೂತಿದೆ.

ಶಿವಮೊಗ್ಗ ಎಡಿಟಿಂಗ್

ಅಕ್ಕ, ಅಮ್ಮನಿಗೆ ಸಮಾಧಾನ ಹೇಳಿ. ಇದು ಸರಿ ಮಾಡಬಹುದಾದ ಕೆಲಸ.

ನಿಮಗೆ ಬೇಕಾದ್ದರ ಹೆಸರು ಕಾರ್ಡ್. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ (ನಮ್ಮ ವಿಡಿಯೊಗಳನ್ನು ನೋಡಿಕೊಳ್ಳುವ ಪುಟ) ತೆರೆಯಿರಿ. ಕಂಟೆಂಟ್‌ಗೆ ಹೋಗಿ ಪಲ್ಯದ ವಿಡಿಯೊ ಆರಿಸಿ. ವಿವರ ತುಂಬುವ ಪುಟದಲ್ಲಿ ಬಲಗಡೆ ಎಂಡ್ ಸ್ಕ್ರೀನ್, ಕಾರ್ಡ್ಸ್ ಎಂದು ಎರಡು ಪೆಟ್ಟಿಗೆ ಕಾಣುತ್ತವೆ. ಕಾರ್ಡ್ಸ್ ಒತ್ತಿ, ವಿಡಿಯೊ ಎಂಬುದನ್ನು ಆರಿಸಿ, ನೆನೆಹಾಕುವ ವಿಡಿಯೊ ಕೊಡಿ. ಕೆಳಗೆ ಸಮಯದ ಪಟ್ಟಿ ಇರುತ್ತದೆ. ಅಮ್ಮ ಆ ಮಾತು ಹೇಳುವ ಸೆಕೆಂಡಿಗೆ ಕಾರ್ಡನ್ನು ಎಳೆದು ನಿಲ್ಲಿಸಿ. ನೋಡುವವರಿಗೆ ಆ ಹೊತ್ತಿನಲ್ಲಿ ಮೇಲೆ ಬಲಮೂಲೆಯಲ್ಲಿ ಒಂದು ಸಾಲು ಬಂದು ಹೋಗುತ್ತದೆ. ಒತ್ತಿದರೆ ಆ ವಿಡಿಯೊ.

ಒಂದು ವಿಡಿಯೊಗೆ 5 ಕಾರ್ಡ್ ಹಾಕಬಹುದು. ಕಾಣುವ ಸಾಲಿಗೆ 30 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಆ ಲೆಕ್ಕ ಬೇಗ ಮುಗಿಯುತ್ತದೆ, ಹಾಗಾಗಿ ಚಿಕ್ಕದಾಗಿ ಬರೆಯಿರಿ. "ಮೊದಲು 3 ದಿನ ನೆನೆಸಿ" ಎಂಬುದು ಆರಾಮಾಗಿ ಹಿಡಿಸುತ್ತದೆ. "ಇನ್ನಷ್ಟು ನೋಡಿ" ಅಂತ ಹಾಕಬೇಡಿ. ಅದನ್ನು ಯಾರೂ ಒತ್ತುವುದಿಲ್ಲ.

ಶಾರ್ಟ್ಸ್ ವಿಷಯ ಬೇರೆ. ಶಾರ್ಟ್ಸ್ ವಿವರಣೆಯಲ್ಲಿ, ಶಾರ್ಟ್ಸ್ ಕಾಮೆಂಟಿನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ 31ರಿಂದ ಒತ್ತಲು ಬರುವುದಿಲ್ಲ. ಮೋಸದ ಲಿಂಕ್ ಹಾಕುವವರು ಜಾಸ್ತಿ ಆದರು ಅಂತ ಯೂಟ್ಯೂಬ್‌ನವರೇ ನಿಲ್ಲಿಸಿದರು. ಅದರ ಬದಲಿಗೆ ಸ್ಟುಡಿಯೊದಲ್ಲಿ ಆ ಶಾರ್ಟ್ಸ್ ತೆರೆದರೆ "ರಿಲೇಟೆಡ್ ವಿಡಿಯೊ" ಎಂಬ ಜಾಗ ಇದೆ. ಅಲ್ಲಿ ನಿಮ್ಮದೇ ಚಾನೆಲಿನ ಒಂದು ವಿಡಿಯೊ ಕೊಡಬಹುದು. ಅದು ಶಾರ್ಟ್ಸ್ ಮೇಲೆಯೇ ಒತ್ತುವ ಲಿಂಕ್ ಆಗಿ ಕಾಣುತ್ತದೆ. ನೆನೆಹಾಕುವ ವಿಡಿಯೊವನ್ನೇ ಅಲ್ಲಿ ಕೊಡಿ.

ಕಳಲೆಮನೆ (ತೀರ್ಥಹಳ್ಳಿ ಕಡೆ)

ತುಂಬಾ ಉಪಕಾರ ಆಯಿತು ಅಣ್ಣ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಫೋನಿನಲ್ಲಿ ಬ್ರೌಸರ್ ತೆರೆದು "ಡೆಸ್ಕ್‌ಟಾಪ್ ಸೈಟ್" ಮಾಡಿಕೊಂಡು ಸ್ಟುಡಿಯೊ ತೆರೆದೆ. ಅಕ್ಷರ ಇರುವೆಯಷ್ಟು ಸಣ್ಣ, ಆದರೆ ಕೆಲಸ ಆಯಿತು. ಕಾರ್ಡ್ ಬಂತು! ಅಮ್ಮನಿಗೆ ತೋರಿಸಿದೆ.

ಹೊಸನಗರದ ತೋಟದವ

ಕಾರ್ಡ್ ಬಂದಿದ್ದು ಒಳ್ಳೆಯದು. ಆದರೆ ಇಲ್ಲಿಗೆ ನಿಲ್ಲಿಸಬೇಡಿ ತಂಗಿ. ಆ ಬೆಂಗಳೂರಿನವರು ವಿಡಿಯೊ ನೋಡಿದ್ದು ಎಲ್ಲಿ? ವಾಟ್ಸಾಪಿನಲ್ಲಿ, ಅಲ್ವಾ? ಅಲ್ಲಿ ನಿಮ್ಮ ಕಾರ್ಡ್ ಕಾಣುವುದೇ ಇಲ್ಲ.

ಇದು ನನಗೆ ಗೊತ್ತಾಗಿದ್ದು ಅಡಿಕೆ ತೋಟದಲ್ಲಿ. ನಾನು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋದರ ವಿಡಿಯೊ ಮಾಡಿದ್ದೆ. ಒಂದು ವಿಡಿಯೊ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಔಷಧಿ ಮಾಡೋದು. ಇನ್ನೊಂದು ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಕೆಳಗಿನಿಂದಲೇ ಗೊನೆಗೆ ಹೊಡೆಯೋದು. ದೋಟಿಯ ವಿಡಿಯೊ ಹೊಸದು, ನೋಡಲು ಚಂದ, ಹಾಗಾಗಿ ಅದು ಓಡಿತು. ಅದರಲ್ಲಿ ದ್ರಾವಣದ ವಿಡಿಯೊಗೆ ಕಾರ್ಡ್ ಹಾಕಿದ್ದೆ. ಕೊನೆಯಲ್ಲೂ ಲಿಂಕ್ ಇತ್ತು. ಯಾರೋ ಅದನ್ನು ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕಿದರು. ಅಲ್ಲಿಂದ ಹತ್ತು ಗ್ರೂಪಿಗೆ ಹೋಯಿತು. ಕೊನೆಗೆ ನನ್ನ ಫೋನಿಗೇ ಬಂತು. ತೆರೆದು ನೋಡುತ್ತೇನೆ, ಕಾರ್ಡ್ ಇಲ್ಲ, ಕೊನೆಯ ಲಿಂಕ್ ಇಲ್ಲ, ವಿವರಣೆ ಇಲ್ಲ, ಚಾನೆಲ್ ಹೆಸರೂ ಇಲ್ಲ. ಬರೀ ಚಿತ್ರ, ಧ್ವನಿ.

ನಮ್ಮ ಪಕ್ಕದ ತೋಟದವರು ಅದನ್ನೇ ನೋಡಿ ಅಂದಾಜಿನಲ್ಲಿ ಮೈಲುತುತ್ತ ಕಲಸಿ ಹೊಡೆದರು. ಸುಣ್ಣ ಸಾಲಲಿಲ್ಲ. ಎಳೆಗಾಯಿ ಸುಟ್ಟಂತೆ ಆಯಿತು. ನಾನು ಹೋಗಿ ನೋಡಿ ಬಂದೆ. ಬಹಳ ಬೇಜಾರಾಯಿತು.

ಲೆಕ್ಕ ಕಷ್ಟದ್ದೇನಲ್ಲ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಆಮೇಲೆ ಕತ್ತಿ ಅದ್ದಿ ನೋಡಬೇಕು. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಲಿಂಕ್ ಇದೆಯಲ್ಲ ಅಂತ ನಾನು ಹೇಳಲಿಲ್ಲ.

ಈಗ ದೋಟಿಯ ವಿಡಿಯೊ ಹೊಸದಾಗಿ ಮಾಡಿದ್ದೇನೆ. ಶುರುವಿನಲ್ಲೇ ಕತ್ತಿ ಅದ್ದಿ ತೋರಿಸುತ್ತೇನೆ, ಅಳತೆ ಬಾಯಲ್ಲಿ ಹೇಳುತ್ತೇನೆ, ಅಕ್ಷರದಲ್ಲೂ ಬರುತ್ತದೆ. ಕಾರ್ಡ್ ಇದ್ದೇ ಇದೆ.

ಶಿವಮೊಗ್ಗ ಎಡಿಟಿಂಗ್

ಅಣ್ಣ ಹೇಳಿದ್ದೇ ಮುಖ್ಯ. ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು "ವಿಡಿಯೊದಲ್ಲಿ ಲಿಂಕ್ ಹಾಕಿದೆ" ಎನ್ನುತ್ತೇವೆ. ನಿಜವಾಗಿ ಲಿಂಕ್ ವಿಡಿಯೊದಲ್ಲಿ ಇರುವುದಿಲ್ಲ. ನಾವು ಅಪ್‌ಲೋಡ್ ಮಾಡಿದ ಫೈಲು ಚಿತ್ರ ಮತ್ತು ಧ್ವನಿ, ಅಷ್ಟೇ. ಯೂಟ್ಯೂಬಿನ ಪ್ಲೇಯರ್ ಅದನ್ನು ಓಡಿಸುವಾಗ ಅದರ ಮೇಲೆ ಒಂದು ಪದರ ಹಾಸುತ್ತದೆ. ಇಂಥ ಸೆಕೆಂಡಿಗೆ ಇಂಥ ಸಾಲು ತೋರಿಸು, ಒತ್ತಿದರೆ ಇಲ್ಲಿಗೆ ಹೋಗು ಎಂಬ ಲೆಕ್ಕ ಯೂಟ್ಯೂಬ್ ಹತ್ತಿರ ಬೇರೆಯಾಗಿ ಇರುತ್ತದೆ. ಗಾಜಿನ ಚೌಕಟ್ಟಿನ ಫೋಟೊ ಮೇಲೆ ಕುಂಕುಮ ಹಚ್ಚಿದ ಹಾಗೆ. ಫೋಟೊ ಹೊರಗೆ ತೆಗೆದರೆ ಕುಂಕುಮ ಗಾಜಿನ ಮೇಲೇ ಉಳಿಯುತ್ತದೆ. ಸ್ವಂತ ವೆಬ್‌ಸೈಟಿನಲ್ಲಿ ವಿಡಿಯೊ ಹಾಕಿ ಅದರ ಮೇಲೆ ಲಿಂಕ್ ಕೂರಿಸಿದರೂ ಇದೇ ಕಥೆ.

ಹಾಗಾಗಿ ಗ್ರೂಪಿಗೆ ಕಳಿಸುವಾಗ ಫೈಲ್ ಕಳಿಸಬೇಡಿ. ಯೂಟ್ಯೂಬಿನಲ್ಲಿ ಶೇರ್ ಒತ್ತಿ ಲಿಂಕ್ ಕಳಿಸಿ. ಸ್ಟೇಟಸ್ಸಿಗೂ ಲಿಂಕನ್ನೇ ಹಾಕಿ, ಅಲ್ಲೂ ಒತ್ತಲು ಬರುತ್ತದೆ.

ಸೊರಬದ ಮೇಷ್ಟ್ರು

ಈ ಪದರದ ಮಾತು ಕೇಳಿ ನನಗೆ ಹಳೆಯದೆಲ್ಲ ನೆನಪಾಯಿತು. ಬರೆಯದೆ ಇರಲಾಗಲಿಲ್ಲ.

ಕಾರ್ಡ್ ಬರುವ ಮುಂಚೆ ಯೂಟ್ಯೂಬಿನಲ್ಲಿ ಅನೋಟೇಷನ್ ಎಂದು ಇತ್ತು. 2008ರಲ್ಲಿ ಶುರುವಾಗಿತ್ತು. ವಿಡಿಯೊ ಮೇಲೆ ಎಲ್ಲಿ ಬೇಕೋ ಅಲ್ಲಿ ಒಂದು ಚೌಕ ಬರೆದು ಅದಕ್ಕೆ ಲಿಂಕ್ ಕೊಡಬಹುದಿತ್ತು. ನಾನು ಹೈಸ್ಕೂಲ್ ಮಕ್ಕಳಿಗೆ ಉಣುಗಿನಿಂದ (ಉಣ್ಣೆ ಹುಳದಿಂದ) ಹರಡುವ ಮಂಗನ ಕಾಯಿಲೆ ಬಗ್ಗೆ ಒಂದು ಪಾಠ ಮಾಡಿದ್ದೆ. ಈ ಕಾಯಿಲೆ 1957ರಲ್ಲಿ ಮೊದಲು ಗುರುತಿಗೆ ಬಂದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಕಾಡು ಹತ್ತಿರದ ಮನೆಯ ಮಕ್ಕಳಿಗೆ ಇದು ಪರೀಕ್ಷೆಗಿಂತ ಹೆಚ್ಚಿನ ವಿಷಯ.

ಪಾಠ ಹೀಗಿತ್ತು. "ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದೀರಿ. ಬಂದ ಮೇಲೆ ಕಾಲಿನಲ್ಲಿ ಉಣುಗು ಕಚ್ಚಿಕೊಂಡಿದೆ. ಏನು ಮಾಡುತ್ತೀರಿ?" ಸ್ಕ್ರೀನ್ ಮೇಲೆ ಮೂರು ಚೌಕ. ಒತ್ತಿದ ಚೌಕದ ಪ್ರಕಾರ ಮುಂದಿನ ವಿಡಿಯೊ ತೆರೆಯುತ್ತದೆ. ಇಂಥವು ಒಟ್ಟು 11 ವಿಡಿಯೊ. ರಾತ್ರಿ ಕೂತು ಮಾಡಿದ್ದು. ಮಕ್ಕಳು ಜಗಳ ಆಡಿಕೊಂಡು ಮೌಸ್ ಹಿಡಿಯುತ್ತಿದ್ದರು.

2017ರ ಮೇ 2ರಂದು ಹೊಸ ಅನೋಟೇಷನ್ ಹಾಕುವುದನ್ನು ಯೂಟ್ಯೂಬ್ ನಿಲ್ಲಿಸಿತು. 2019ರ ಜನವರಿ 15ರಂದು ಹಳೆಯವನ್ನೂ ತೆಗೆದುಹಾಕಿತು. ಕಾರಣ ನ್ಯಾಯವಾದದ್ದೇ. ಅನೋಟೇಷನ್ ಮೊಬೈಲಿನಲ್ಲಿ ಕೆಲಸ ಮಾಡುತ್ತಿರಲಿಲ್ಲ, ಆ ಹೊತ್ತಿಗೆ ಯೂಟ್ಯೂಬ್ ನೋಡುವ ಸಮಯದಲ್ಲಿ ನೂರಕ್ಕೆ 60 ಪಾಲು ಮೊಬೈಲಿನಲ್ಲೇ ಆಗಿತ್ತು. ಆದರೆ ನನ್ನ ವಿಡಿಯೊದಲ್ಲಿ ನಾನು ಈಗಲೂ "ಈ ಮೂರರಲ್ಲಿ ಒಂದನ್ನು ಒತ್ತಿ" ಎಂದು ಬೆರಳು ತೋರಿಸುತ್ತೇನೆ. ಬೆರಳು ತೋರಿಸಿದ ಜಾಗದಲ್ಲಿ ಗೋಡೆ ಇದೆ. ಹೊಸ ಮಕ್ಕಳು "ಸಾರ್, ಏನೂ ಇಲ್ಲವಲ್ಲ" ಎನ್ನುತ್ತಾರೆ.

ಕಳಲೆಮನೆ (ತೀರ್ಥಹಳ್ಳಿ ಕಡೆ)

ಅಯ್ಯೋ ಮೇಷ್ಟ್ರೇ, 11 ವಿಡಿಯೊ! ಈಗ ಅದನ್ನು ಮತ್ತೆ ಮಾಡಲು ದಾರಿ ಇಲ್ಲವೇ?

ಸೊರಬದ ಮೇಷ್ಟ್ರು

ಇದೆ ಅಮ್ಮಾ. ಮಾಡುತ್ತಿದ್ದೇನೆ. ಎಂಡ್ ಸ್ಕ್ರೀನಿನಲ್ಲಿ ಆ ಕೆಲಸ ಆಗುತ್ತದೆ. ಅದು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಮಾತ್ರ ಬರುತ್ತದೆ. ವಿಡಿಯೊ 25 ಸೆಕೆಂಡಾದರೂ ಇರಬೇಕು. 4 ಪೆಟ್ಟಿಗೆ ಇಡಬಹುದು. ಮೂರು ಉತ್ತರಕ್ಕೆ ಮೂರು ವಿಡಿಯೊ ಇಟ್ಟೆ. "ನಿರ್ದಿಷ್ಟ ವಿಡಿಯೊ" ಆರಿಸಬೇಕು. "ನೋಡುಗರಿಗೆ ಒಪ್ಪುವುದು" ಎಂಬ ಆಯ್ಕೆ ಬಿಟ್ಟರೆ ಯೂಟ್ಯೂಬ್ ತನಗೆ ತೋಚಿದ್ದನ್ನು ತೋರಿಸುತ್ತದೆ.

ಚಿತ್ರೀಕರಣದಲ್ಲೇ ಜಾಗ ಬಿಡಬೇಕು. ಕೊನೆಯ 20 ಸೆಕೆಂಡು ನಾನು ಎಡಗಡೆ ಸರಿದು ನಿಲ್ಲುತ್ತೇನೆ, ಬಲಗಡೆ ಖಾಲಿ ಕಪ್ಪುಹಲಗೆ. ಪೆಟ್ಟಿಗೆಗಳು ಅಲ್ಲಿ ಕೂರುತ್ತವೆ. ಇನ್ನೊಂದು ಬದಲಾವಣೆ ಮಾಡಿದೆ. ಈಗ "ಇಲ್ಲಿ ಒತ್ತಿ" ಎನ್ನುವುದಿಲ್ಲ. ಮೂರೂ ಉತ್ತರವನ್ನು ಬಾಯಲ್ಲಿ ಹೇಳಿ, ಹಲಗೆ ಮೇಲೆ ಬರೆದು, ಆ ವಿಡಿಯೊಗಳ ಹೆಸರನ್ನೂ ಹೇಳುತ್ತೇನೆ. ನಾಳೆ ಎಂಡ್ ಸ್ಕ್ರೀನ್ ಕೂಡ ಹೋದರೆ ಮಗು ಹೆಸರು ಹುಡುಕಿಯಾದರೂ ತಲುಪಲಿ.

ಸಣ್ಣ ಮಕ್ಕಳಿಗೆ ವಿಡಿಯೊ ಮಾಡುವವರು ಒಂದು ಗಮನಿಸಿ. "ಮಕ್ಕಳಿಗಾಗಿ ಮಾಡಿದ್ದು" ಎಂದು ಗುರುತು ಹಾಕಿದ ವಿಡಿಯೊಗೆ ಕಾರ್ಡ್ ಇಲ್ಲ, ಎಂಡ್ ಸ್ಕ್ರೀನ್ ಇಲ್ಲ, ಕಾಮೆಂಟೂ ಇಲ್ಲ. ಕಾರ್ಡ್ ಹಾಕಲು ಬರುತ್ತಿಲ್ಲ ಎಂದರೆ ಮೊದಲು ಇದನ್ನು ನೋಡಿ. ಹಾಗಂತ ನಿಜವಾಗಿ ಮಕ್ಕಳದೇ ವಿಡಿಯೊವನ್ನು ಅಲ್ಲ ಎಂದು ಗುರುತು ಹಾಕಬಾರದು.

ಶಾಲೆಯ ಸ್ವಂತ ವೆಬ್‌ಸೈಟ್ ಇದ್ದರೆ ಎಚ್5ಪಿ ಎಂಬ ಉಚಿತ ಸಾಧನ ಇದೆ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಆನ್‌ಲೈನ್ ಪಾಠ ನಡೆಸುವ ಮೂಡಲ್ ಎರಡಕ್ಕೂ ಕೂರುತ್ತದೆ. ಅದರಲ್ಲಿ ವಿಡಿಯೊ ಮಧ್ಯೆಯೇ ಪ್ರಶ್ನೆ, ಲಿಂಕ್ ಇಡಬಹುದು. ಉತ್ತರ ತಪ್ಪಾದರೆ ಹಿಂದಿನ ಭಾಗಕ್ಕೆ ತಾನೇ ಕರೆದೊಯ್ಯುವ ಹಾಗೂ ಮಾಡಬಹುದು. ನನಗೆ ಬೇಕಾಗಿದ್ದು ಇದೇ.

ಸಾಗರದ ತಾಳಮದ್ದಲೆ

ನಾವು ರಾತ್ರಿಯಿಡೀ ನಡೆದ ತಾಳಮದ್ದಲೆಯನ್ನು ಇಡಿಯಾಗಿ ಹಾಕುತ್ತೇವೆ. ಐದು, ಆರು ಗಂಟೆ. ನಮಗೆ ಬೇರೆ ವಿಡಿಯೊಗೆ ಲಿಂಕ್ ಬೇಡ. ಅದೇ ವಿಡಿಯೊದ ಒಳಗೆ ಇಂಥ ಪದ್ಯಕ್ಕೆ, ಇಂಥ ಸಂವಾದಕ್ಕೆ ಹೋಗಬೇಕು. ಅದಕ್ಕೆ ಕಾರ್ಡ್ ಬೇಕಿಲ್ಲ, ಸಮಯ ಬರೆದರೆ ಸಾಕು. ವಿವರಣೆಯಲ್ಲಿ ಮೊದಲ ಸಾಲು 0:00 ಇಂದಲೇ ಶುರುವಾಗಬೇಕು. ಕನಿಷ್ಠ ಮೂರು ಸಮಯ ಇರಬೇಕು, ಏರುವ ಕ್ರಮದಲ್ಲಿ. ಒಂದೊಂದು ಭಾಗವೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಸಮಯದ ಮುಂದೆ ಪದ್ಯದ ಮೊದಲ ಸಾಲು ಬರೆಯಿರಿ. ಇಷ್ಟು ಮಾಡಿದರೆ ವಿಡಿಯೊ ಕೆಳಗೆ ಓಡುವ ಸಮಯದ ಗೆರೆಯೇ ತುಂಡು ತುಂಡಾಗಿ ಕಾಣುತ್ತದೆ, ಸಮಯವೂ ನೀಲಿಯಾಗಿ ಒತ್ತಲು ಬರುತ್ತದೆ.

ಹಿಂದೆ ನಾವು 0:00 ಬಿಟ್ಟು ಪೀಠಿಕೆ ಮುಗಿದ ಸಮಯದಿಂದ ಶುರು ಮಾಡಿದ್ದೆವು. ಭಾಗ ಮಾಡಲೇ ಇಲ್ಲ. ಒಂದು ವಾರ ಒದ್ದಾಡಿದ ಮೇಲೆ ತಿಳಿಯಿತು.

ನಮ್ಮ ಕೇಳುಗರು ಅಭಿಮಾನದಿಂದ ಕಾಮೆಂಟಿನಲ್ಲಿ ಸಮಯ ಬರೆಯುತ್ತಾರೆ. "3:12:40 ಮತ್ತೆ ಮತ್ತೆ ಕೇಳಿದೆ" ಎಂದು. ಅದೂ ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಊರು ಬಿಟ್ಟು ದೂರ ಇರುವವರು ಹೀಗೆ ಒಬ್ಬರಿಗೊಬ್ಬರು ಪದ್ಯ ತೋರಿಸಿಕೊಳ್ಳುವುದು ನೋಡಿದರೆ ಮನಸ್ಸು ತುಂಬುತ್ತದೆ.

ಕೊಪ್ಪದ ಮೊಮ್ಮಗಳು

ನಾನೂ ಅಜ್ಜಿಯ ಹಾಡು ಹಾಕುತ್ತೇನೆ. ಕಾರ್ಡಿನಲ್ಲಿ ನಮ್ಮ ಉಪ್ಪಿನಕಾಯಿ ಮಾರುವ ವೆಬ್‌ಸೈಟಿನ ಲಿಂಕ್ ಹಾಕಲು ಹೋದರೆ ಬರುತ್ತಿಲ್ಲ. ವಿಡಿಯೊ, ಪ್ಲೇಲಿಸ್ಟ್, ಚಾನೆಲ್ ಮಾತ್ರ ತೋರಿಸುತ್ತಿದೆ.

ಶಿವಮೊಗ್ಗ ಎಡಿಟಿಂಗ್

ಹೊರಗಿನ ವೆಬ್‌ಸೈಟ್‌ಗೆ ಕಾರ್ಡ್, ಎಂಡ್ ಸ್ಕ್ರೀನ್ ಲಿಂಕ್ ಕೊಡಲು ಯೂಟ್ಯೂಬ್ ಪಾರ್ಟ್ನರ್ ಪ್ರೋಗ್ರಾಂನಲ್ಲಿ (ಚಾನೆಲಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಯೋಜನೆ) ಇರಬೇಕು ತಂಗಿ. ಅಲ್ಲಿವರೆಗೆ ವಿವರಣೆಯಲ್ಲಿ ಹಾಕಿ. ಪೂರ್ತಿ ವಿಳಾಸ, ಎಚ್‌ಟಿಟಿಪಿಎಸ್ ಸೇರಿಸಿ. ಆದರೂ ನೀಲಿ ಆಗದಿದ್ದರೆ ಸ್ಟುಡಿಯೊದ ಸೆಟ್ಟಿಂಗ್ಸ್, ಚಾನೆಲ್, ಫೀಚರ್ ಎಲಿಜಿಬಿಲಿಟಿ ನೋಡಿ. "ಅಡ್ವಾನ್ಸ್‌ಡ್" ಎಂಬುದು ತೆರೆದಿರಬೇಕು. ಫೋನ್ ನಂಬರ್ ಖಾತ್ರಿ ಆದ ಮೇಲೆ ಗುರುತಿನ ಚೀಟಿ ಅಥವಾ ಮುಖದ ವಿಡಿಯೊ ಕೊಟ್ಟರೆ ತೆರೆಯುತ್ತದೆ. ಅದನ್ನು ಕೊಡಲು ಮನಸ್ಸಿಲ್ಲದಿದ್ದರೆ ಚಾನೆಲ್ ಸರಿಯಾಗಿ ನಡೆಸುತ್ತಾ ಹೋಗಿ, ಸ್ವಲ್ಪ ಸಮಯದ ನಂತರ ಚಾನೆಲ್ ನಡೆದು ಬಂದ ರೀತಿ ನೋಡಿಯೂ ಅದನ್ನು ತೆರೆದು ಕೊಡುತ್ತಾರೆ.

ಮುಖ್ಯ ಲಿಂಕನ್ನು ವಿವರಣೆಯ ಮೊದಲ ಸಾಲಿನಲ್ಲೇ ಇಡಿ. ಕೆಳಗಿಟ್ಟರೆ "ಇನ್ನಷ್ಟು" ಒತ್ತಿದವರಿಗೆ ಮಾತ್ರ ಕಾಣುತ್ತದೆ. ಟಿವಿಯಲ್ಲಿ ನೋಡುವವರಿಗೆ ವಿವರಣೆಯ ಲಿಂಕ್ ಕೈಗೆ ಸಿಗುವುದು ಕಷ್ಟ. ಅವರಿಗಾಗಿ ವಿಡಿಯೊ ಒಳಗೇ ಒಂದು ಕ್ಯೂಆರ್ ಕೋಡ್ ತೋರಿಸಿ. ಎದ್ದು ಫೋನ್ ಹುಡುಕಿ ತರುವಷ್ಟು ಹೊತ್ತು ಅದು ನಿಲ್ಲಬೇಕು, ಹತ್ತು ಹದಿನೈದು ಸೆಕೆಂಡು.

ಭದ್ರಾವತಿ, ನಿವೃತ್ತ

ಎಲ್ಲವನ್ನೂ ಓದಿದೆ. ನನ್ನದು ನೋಡುವವರ ಕಡೆಯ ಪ್ರಶ್ನೆ. ಬ್ಯಾಂಕಿನವರು, ಪೊಲೀಸರು, ಮಕ್ಕಳು ಎಲ್ಲ "ಗೊತ್ತಿಲ್ಲದ ಲಿಂಕ್ ಒತ್ತಬೇಡಿ" ಎನ್ನುತ್ತಾರೆ. ಹಾಗಾಗಿ ನಾನು ಯಾವ ಲಿಂಕನ್ನೂ ಒತ್ತುವುದಿಲ್ಲ. ನಿಮ್ಮ ಕಳಲೆ ಲಿಂಕ್ ಬಂದರೂ ಒತ್ತುತ್ತಿರಲಿಲ್ಲ. ನನ್ನಂಥವರು ಏನು ಮಾಡಬೇಕು?

ಹೊಸನಗರದ ತೋಟದವ

ಸರಿಯಾಗಿಯೇ ಮಾಡುತ್ತಿದ್ದೀರಿ ಸಾರ್. ಆದರೆ ವಿಡಿಯೊ ಮೇಲೆ ಬರುವ ಕಾರ್ಡಿನಲ್ಲಿ ಇನ್ನೊಂದು ವಿಡಿಯೊದ ಚಿತ್ರ, ಹೆಸರು ಕಾಣುತ್ತದೆ. ಅದನ್ನು ಒತ್ತಿದರೆ ಯೂಟ್ಯೂಬ್ ಒಳಗೇ ಇರುತ್ತೀರಿ, ಭಯವಿಲ್ಲ. ವಿವರಣೆಯಲ್ಲಿ, ಕಾಮೆಂಟಿನಲ್ಲಿ ಬರುವ ಹೊರಗಿನ ಲಿಂಕಿಗೆ ಹುಷಾರಾಗಿರಿ. ಒತ್ತಿದ ಮೇಲೆ ಪಾಸ್‌ವರ್ಡ್, ಒಟಿಪಿ ಕೇಳಿದರೆ, ಆಪ್ ಹಾಕಿಕೊಳ್ಳಿ ಎಂದರೆ ತಕ್ಷಣ ಮುಚ್ಚಿ.

ಹಾಗೆಯೇ ವಿಡಿಯೊ ಮಾಡುವ ನಾವು ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ಬಾಯಲ್ಲಿ ಹೇಳಬೇಕು. "ಈಗ ಮೇಲೆ ನೆನೆಹಾಕುವ ವಿಡಿಯೊ ಬರುತ್ತದೆ" ಎಂದರೆ ಹಿರಿಯರಿಗೂ ಧೈರ್ಯ.

ಇನ್ನೊಂದು ಮಾತು, ನಮ್ಮ ಕಡೆಯದು. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ನಮ್ಮ ಊರಿನವರು ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಾಗ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಬಂದು ಮನೆಯಲ್ಲಿ ನೋಡುತ್ತಾರೆ. ಔಷಧಿ ಹೊಡೆಯೋದೂ ಆಗಲೇ, ಕಳಲೆ ಬರೋದೂ ಆಗಲೇ. ಲಿಂಕ್ ಎಷ್ಟು ಚೆನ್ನಾಗಿ ಹಾಕಿದರೂ ಆ ಹೊತ್ತಿನಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಜೀವಕ್ಕೆ, ಬೆಳೆಗೆ ಸಂಬಂಧಪಟ್ಟ ಮಾತನ್ನು ಲಿಂಕಿನ ಆಚೆ ಇಡಬೇಡಿ. ವಿಡಿಯೊದಲ್ಲೇ ಹೇಳಿಬಿಡಿ.

ಕಳಲೆಮನೆ (ತೀರ್ಥಹಳ್ಳಿ ಕಡೆ)

ಒಂದು ವಾರದಿಂದ ಇದೇ ಕೆಲಸ ಮಾಡಿದೆ. ಹೇಳುತ್ತೇನೆ.

ಪಲ್ಯದ ಹಳೆಯ ವಿಡಿಯೊ ತೆಗೆದುಹಾಕಲಿಲ್ಲ. ಅದರ ಲಿಂಕ್ ಎಷ್ಟೋ ಜನರ ಹತ್ತಿರ ಇದೆ. ಕಾರ್ಡ್ ಹಾಕಿದೆ. ವಿವರಣೆಯ ಮೊದಲ ಸಾಲು ಬದಲಿಸಿದೆ. ಎಂಡ್ ಸ್ಕ್ರೀನಿನಲ್ಲಿ ನೆನೆಹಾಕುವ ವಿಡಿಯೊ ಇಟ್ಟೆ. ಶಾರ್ಟ್ಸ್ ಮಾತ್ರ ತೆಗೆದುಹಾಕಿ ಹೊಸದು ಮಾಡಿದೆ.

ಹೊಸ ಶಾರ್ಟ್ಸ್ ಒಗ್ಗರಣೆಯಿಂದ ಶುರುವಾಗುವುದಿಲ್ಲ. ಮೂರು ಪಾತ್ರೆ ಸಾಲಾಗಿ ಇಟ್ಟೆವು. ಮೊದಲ ದಿನದ ನೀರು, ಎರಡನೇ ದಿನದ್ದು, ಮೂರನೇ ದಿನದ್ದು. ಅಮ್ಮ ಒಂದೊಂದನ್ನೇ ಚೆಲ್ಲುತ್ತಾರೆ. "ಇದು ಮೂರು ದಿನ ನೀರು ಬದಲಿಸಿದ ಕಳಲೆ. ಇದನ್ನು ಮಾತ್ರ ಬೇಯಿಸಿ" ಎನ್ನುತ್ತಾರೆ. ಅದೇ ಮಾತು ಅಕ್ಷರದಲ್ಲೂ ಇದೆ, ಶುರುವಿನಿಂದ ಕೊನೆಯವರೆಗೆ ಕೆಳಗೆ ನಿಂತಿರುತ್ತದೆ. ಯಾರಾದರೂ ಡೌನ್‌ಲೋಡ್ ಮಾಡಿ ಕಳಿಸಿದರೂ ಅದು ಹೋಗುವುದಿಲ್ಲ. ರಿಲೇಟೆಡ್ ವಿಡಿಯೊ ಕೂಡ ಕೊಟ್ಟಿದ್ದೇನೆ.

ಅಮ್ಮ ಆ ಮಾತನ್ನು ನಾಲ್ಕು ಸಲ ಹೇಳಿದರು. ಪ್ರತಿ ಸಲವೂ "ಕೇಳಿಸಿತಾ, ಸರಿಯಾಗಿ ಕೇಳಿಸಿತಾ?" ಎಂದು ಕೇಳಿದರು. ಬೆಂಗಳೂರಿನ ಆ ಅಕ್ಕನಿಗೆ ಮೊದಲು ಕಳಿಸಿದ್ದು ಇದನ್ನೇ. ಫೈಲ್ ಅಲ್ಲ, ಲಿಂಕ್.

ಹಳೆಯ ಫೈಲ್ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಮ್ಮ ಗ್ರೂಪಿಗೆ ಬಂದರೆ, ಹಸಿರು ಸೀರೆ, ಹಿಂದೆ ಒಲೆಯ ಹತ್ತಿರ ತಾಮ್ರದ ಹಂಡೆ, ದಯವಿಟ್ಟು ಅದರ ಕೆಳಗೆ "3 ದಿನ ನೆನೆಸಬೇಕು" ಎಂದು ಬರೆಯಿರಿ.

ಸೊರಬದ ಮೇಷ್ಟ್ರು

ನಮ್ಮ ಶಾಲೆಯ ಪೋಷಕರ ಗ್ರೂಪಿಗೆ ಬಂದಿತ್ತು. ಬರೆದಿದ್ದೇನೆ. ಹೊಸದರ ಲಿಂಕೂ ಹಾಕಿದೆ.

ಭದ್ರಾವತಿ, ನಿವೃತ್ತ

ನಿಮ್ಮ ತಾಯಿಯ ಹೊಸ ವಿಡಿಯೊ ನೋಡಿದೆ ಅಮ್ಮಾ. ಕೆಳಗೆ ಬಂದ ಲಿಂಕ್ ಒತ್ತಿದೆ. ನೆನೆಹಾಕುವ ವಿಡಿಯೊ ತೆರೆಯಿತು. ಮನೆಯವಳನ್ನು ಕರೆದು ತೋರಿಸಿದೆ. ನಿನ್ನೆ ಸಂತೆಯಿಂದ ತಂದ ಕಳಲೆ ಇತ್ತು. ಹೆಚ್ಚಿ ನೀರಿಗೆ ಹಾಕಿದ್ದೇವೆ. ಶುಕ್ರವಾರ ಪಲ್ಯ.